ಔಷಧ ಪರೀಕ್ಷೆಗೆ ಹಡಗಲಿಯ ಲೆಕ್ಕ

ರೋಗಿ ಗುಣವಾದದ್ದು ಹೊಸ ಔಷಧದಿಂದಲೋ ಆಕಸ್ಮಿಕವೋ ಎಂದು ತೂಗಿ ನೋಡುವ ವಿಧಾನಗಳಲ್ಲಿ 'ಸ್ಕೋರ್ ಪರೀಕ್ಷೆ' ಪ್ರಮುಖವಾದದ್ದು. ಅದನ್ನು 1948ರಲ್ಲಿ ಮಂಡಿಸಿದ ಸಿ.ಆರ್. ರಾವ್ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಊರು. ಮನೆಮಾತು ತೆಲುಗು, ತಂದೆ ಪೊಲೀಸ್ ಇಲಾಖೆಯವರಾದ್ದರಿಂದ ವರ್ಗಾವಣೆ ಆದಂತೆಲ್ಲ ಊರು ಬದಲಾಯಿತು. ಹಡಗಲಿಯವರ ಹೆಮ್ಮೆಗೆ ಇದೇನೂ ಅಡ್ಡಿಯಲ್ಲ.

ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ ರಾವ್ 1941ರಲ್ಲಿ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿದರು. 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸೂಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಜತೆಗೇ ಆರ್.ಎ. ಫಿಶರ್ ಮಾರ್ಗದರ್ಶನದಲ್ಲಿ ಪಿಎಚ್.ಡಿ. ನಡೆಯಿತು. ಯಾವ ಮಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು ಎಂದು ಕೃಷಿ ಪ್ರಯೋಗಗಳಿಗೆ ನಿಯಮ ಹಾಕಿಕೊಟ್ಟವರು ಫಿಶರ್.

ಆ ನಿಯಮ ಆಸ್ಪತ್ರೆಗೆ ಬಂದದ್ದನ್ನು ಜಗತ್ತು ಕಂಡದ್ದೂ 1948ರಲ್ಲೇ. ಬ್ರಾಡ್‌ಫರ್ಡ್ ಹಿಲ್ ರೂಪಿಸಿದ ಬ್ರಿಟನ್ನಿನ ಪರೀಕ್ಷೆಯಲ್ಲಿ 107 ಕ್ಷಯರೋಗಿಗಳಿದ್ದರು. 55 ಮಂದಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ ಸತ್ತರು, ಎರಡನೆಯದರಲ್ಲಿ 14.

ಇಷ್ಟು ದೊಡ್ಡ ಅಂತರವಿದ್ದರೆ ಕಣ್ಣಿಗೇ ಕಾಣುತ್ತದೆ. ಸಣ್ಣ ಅಂತರಕ್ಕೆ ಲೆಕ್ಕ ಬೇಕು. ರಾವ್ ಹಿಡಿದ ದಾರಿ ಹೀಗಿದೆ: ಮೊದಲು ಔಷಧದಿಂದ ಏನೂ ಪರಿಣಾಮವಿಲ್ಲ ಎಂದೇ ಇಟ್ಟುಕೊಳ್ಳುವುದು; ಸಿಕ್ಕ ಅಂಕಿಗಳು ಆ ಊಹೆಯಿಂದ ಎಷ್ಟು ಬಲವಾಗಿ ಆಚೆಗೆ ಎಳೆಯುತ್ತವೆ ಎಂದು ಅಲ್ಲಿಯೇ ನಿಂತು ಅಳೆಯುವುದು. ಎಳೆತ ಜೋರಾಗಿದ್ದರೆ ಊಹೆ ಬಿದ್ದುಹೋಗುತ್ತದೆ. ಪರಿಣಾಮ ಎಷ್ಟೆಂದು ಮೊದಲೇ ಅಂದಾಜಿಸುವ ಗೋಜಿಲ್ಲ. ಕೈಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲಕ್ಕೆ ಇದು ಸಣ್ಣ ಉಳಿತಾಯವಲ್ಲ.

ಕ್ಯಾನ್ಸರ್ ಪರೀಕ್ಷೆಗಳಲ್ಲಿ ಯಾರು ಬದುಕಿದರು ಎಂಬುದರಷ್ಟೇ ಮುಖ್ಯ, ಎಷ್ಟು ಕಾಲ ಬದುಕಿದರು ಎಂಬುದು. ಅದಕ್ಕಾಗಿ ನೇಥನ್ ಮ್ಯಾಂಟೆಲ್ 1966ರಲ್ಲಿ ಒಂದು ವಿಧಾನ ಕೊಟ್ಟರು. ಅದೇ ಮುಂದೆ ಲಾಗ್‌ರ‍್ಯಾಂಕ್ ಪರೀಕ್ಷೆ ಎನಿಸಿಕೊಂಡಿತು. 1972ರಲ್ಲಿ ಡೇವಿಡ್ ಕಾಕ್ಸ್ ತಮ್ಮದೇ ಮಾದರಿ ಮುಂದಿಟ್ಟರು. ಎರಡು ಗುಂಪುಗಳ ಹೋಲಿಕೆಯಲ್ಲಿ ಕಾಕ್ಸ್ ಮಾದರಿಗೆ ಸ್ಕೋರ್ ಪರೀಕ್ಷೆ ಅನ್ವಯಿಸಿದರೆ ಸಿಗುವುದು ಅದೇ ಲಾಗ್‌ರ‍್ಯಾಂಕ್.

ರಾವ್ ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದದ್ದು 1945ರ ಇನ್ನೊಂದು ಪ್ರಬಂಧಕ್ಕೆ. ಅದೇ ಆಗಸ್ಟ್ 22ರಂದು, 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿಯ ಗೌರವ ಆ ಪ್ರಬಂಧಕ್ಕೆ ಸಂದರೂ, ರೋಗಿಗಳಿಗೆ ಹೆಚ್ಚು ಹತ್ತಿರವಾದದ್ದು 1948ರ ಕೆಲಸವೇ.