ಮಳೆಯ ಮರುದಿನ ಸೈಕಲ್ ದಾರಿ

ಪ್ರಶ್ನೆ: ಗಾಳಿ-ಮಳೆಯ ಮರುದಿನ ನವಲಗುಂದದ ಕಡೆ ಸೈಕಲ್ ಹೂತುಹೋಗುತ್ತದೆ, ಮುಗದದ ಕಡೆ ಓಡುತ್ತದೆ. ಯಾಕೆ? ಆ ಊರುಗಳಿಗೆ ನಾವೇನು ಮಾಡಬಹುದು?
– ಓದುಗರೊಬ್ಬರು, ಸಪ್ತಾಪುರ

ಉತ್ತರ: ಧಾರವಾಡ ಕೂತಿರುವುದೇ ಎರಡು ಮಣ್ಣಿನ ಗಡಿಯ ಮೇಲೆ. ಪೂರ್ವಕ್ಕೆ ಎರೆ, ಪಶ್ಚಿಮಕ್ಕೆ ಮಸಾರಿ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ. ಟಯರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿಕೊಂಡರೆ ಗಾಲಿಯೇ ತಿರುಗದು. ಮಸಾರಿಯಲ್ಲಿ ನೀರು ಬೇಗ ಇಳಿಯುತ್ತದೆ. ಹಸಿ ಎರೆಯ ಮೇಲೆ ಹಟ ಹಿಡಿದು ತುಳಿದರೆ ಗಾಲಿಯ ಗೆರೆ ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ನಿಮಗದು ಟ್ರೇಲ್, ರೈತರಿಗೆ ಹೊಲಕ್ಕೆ ಚಕ್ಕಡಿ ಹೋಗುವ ದಾರಿ. ಒಣಗುವವರೆಗೆ ಬಿಟ್ಟುಬಿಡಿ.

ಇನ್ನು ನೆರವು. ಏಪ್ರಿಲ್-ಮೇ ಅಡ್ಡಮಳೆಯ ಗಾಳಿಗೆ ಕೆಲಗೇರಿ ಸುತ್ತಿನ ಆಪೂಸು ತೋಟಗಳಲ್ಲಿ ಕಾಯಿ ಉದುರುತ್ತದೆ. ಪೆಟ್ಟು ಬಿದ್ದ ಕಾಯಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಉಪ್ಪಿನಕಾಯಿಗೆಂದು ತೋಟದಲ್ಲೇ ಕೊಳ್ಳಿ, ಚೌಕಾಸಿ ಮಾತ್ರ ಬೇಡ. ಸರ್ಕಾರಿ ಪರಿಹಾರಕ್ಕೆ ಬೆಳೆ ಕನಿಷ್ಠ ಶೇ. 33ರಷ್ಟು ಹಾಳಾಗಿರಬೇಕು, ಕೇಂದ್ರದ 2022–26ರ ದರದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ. ಕಾಯಿ ಆರಿಸುವ ಮೊದಲೇ ನೀವು ತೆಗೆದುಕೊಟ್ಟ ಫೋಟೊ ಗ್ರಾಮ ಆಡಳಿತಾಧಿಕಾರಿಗೆ ತೋರಿಸಲು ಉಪಯೋಗಕ್ಕೆ ಬಂದೀತು. ದಾರಿಯಲ್ಲಿ ಕರೆಂಟಿನ ತಂತಿ ಹರಿದು ಬಿದ್ದಿದ್ದರೆ ದೂರವೇ ನಿಂತು ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.