ಎಸಿ ಮೆಕ್ಯಾನಿಕ್‌ಗಳ ಯೂನಿಫಾರ್ಮ್: ಅಂಗಡಿ ಹೆಸರಿಗಿಂತ ಮೊದಲು ಬಟ್ಟೆ ನೋಡಿ

ಬಳ್ಳಾರಿ: ಎಸಿ, ಫ್ರಿಜ್ ರಿಪೇರಿ ಅಂಗಡಿಗಳವರು ತಮ್ಮ ಹುಡುಗರಿಗೆ ಅಂಗಡಿ ಹೆಸರಿರುವ ಟೀ ಶರ್ಟ್ ಮಾಡಿಸುವುದು ಈಗ ಸಾಮಾನ್ಯ. ಇದು ಜನರ ಮನೆಯೊಳಗೆ, ಬೆಡ್‌ರೂಮಿನವರೆಗೂ ಹೋಗುವ ಕೆಲಸ. ಬಾಗಿಲು ತೆರೆದವರಿಗೆ 'ಇವರು ಇಂಥ ಅಂಗಡಿಯವರು' ಅಂತ ಗೊತ್ತಾದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಆದರೆ ಆರ್ಡರ್ ಕೊಡುವಾಗ ಮಾತೆಲ್ಲ ಬಣ್ಣ ಯಾವುದು, ಹೆಸರು ಎಷ್ಟು ದೊಡ್ಡದು ಎಂಬಲ್ಲೇ ನಿಂತುಬಿಡುತ್ತದೆ. ಬಟ್ಟೆ ಯಾವುದು ಅನ್ನೋದು ಹಿಂದೆ ಬೀಳುತ್ತದೆ.

ಕಡಿಮೆ ರೇಟಿಗೆ ಸಿಗುವ, ನುಣುಪಾಗಿ ಹೊಳೆಯುವ ಟೀ ಶರ್ಟ್‌ಗಳು ಬಹುತೇಕ ಪೂರ್ತಿ ಪಾಲಿಯೆಸ್ಟರ್. ಬೇಗ ಒಣಗುತ್ತವೆ, ಇಸ್ತ್ರಿ ಬೇಡ, ನೋಡೋಕೂ ಚೆಂದ. ತೊಂದರೆ ಇರೋದು ಬೆಂಕಿಯ ಹತ್ತಿರ. ತಾಮ್ರದ ಪೈಪ್ ಜೋಡಿಸುವಾಗ ಟಾರ್ಚ್‌ನಿಂದ ಕರಗುವ ಬ್ರೇಜಿಂಗ್ ಕಡ್ಡಿ 600 ಡಿಗ್ರಿಗೂ ಮೇಲಿನ ಬಿಸಿಯಲ್ಲಿರುತ್ತದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿಗೇ ಕರಗುತ್ತದೆ. ಒಂದು ಹನಿ ಸಿಡಿದರೆ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಬಟ್ಟೆಯನ್ನು ಎಳೆದು ಕೀಳಬಾರದು; ತಣ್ಣೀರು ಹರಿಸುತ್ತಾ ಆಸ್ಪತ್ರೆಗೆ ಹೋಗಬೇಕು. ಹತ್ತಿ ಬಟ್ಟೆಯೂ ಸುಡುತ್ತದೆ, ಆದರೆ ಹೀಗೆ ಕರಗಿ ಅಂಟುವುದಿಲ್ಲ. ಹೊಸ ಎಸಿಗಳ ಆರ್-32, ಮನೆ ಫ್ರಿಜ್‌ಗಳ ಆರ್-600ಎ ಎರಡೂ ಬೆಂಕಿ ಹತ್ತುವ ಗ್ಯಾಸುಗಳೇ ಎಂಬುದನ್ನೂ ಮಾಲೀಕರು ಮರೆಯಬಾರದು.

ಅಂಗಡಿಯವರು 'ಪ್ಯೂರ್ ಕಾಟನ್' ಅಂದರೆ ನಂಬಬೇಕಾಗಿಲ್ಲ. ಒಳಹೊಲಿಗೆಯ ಅಂಚಿನಲ್ಲಿ ಬಟ್ಟೆಯದೇ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಹೊರಗೆ ಬೆಂಕಿಕಡ್ಡಿ ಗೀರಿ ನೋಡಿ. ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗಿ ಉದುರಿದರೆ ಹತ್ತಿ. ಮುದುಡಿ ಗಟ್ಟಿ ಕರಿ ಮಣಿಯಾದರೆ ಅದರಲ್ಲಿ ಪಾಲಿಯೆಸ್ಟರ್ ಇದೆ. ಸರ್ವಿಸ್, ಫಿಲ್ಟರ್ ಕ್ಲೀನಿಂಗ್ ಮಾತ್ರ ಮಾಡುವ ಹುಡುಗರಿಗೆ ಮಿಕ್ಸ್ ಬಟ್ಟೆ ನಡೆಯುತ್ತದೆ. ಟಾರ್ಚ್ ಹಿಡಿಯುವವರಿಗೆ ತುಂಬು ತೋಳಿನ ಹತ್ತಿ ಶರ್ಟೇ ಆಗಬೇಕು.

ನಮ್ಮ ಕಡೆ ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಔಟ್‌ಡೋರ್ ಯೂನಿಟ್ ಇರೋದು ಟೆರೇಸಿನ ಮೇಲೆ, ಅದರ ಬಿಸಿಗಾಳಿ ಬೇರೆ. ಅಲ್ಲಿ ಅರ್ಧ ತೋಳಿಗಿಂತ ತೆಳು ಹತ್ತಿಯ ತುಂಬು ತೋಳೇ ಮೇಲು. ಅಳತೆ ಕೊಡುವಾಗ ಹುಡುಗನಿಗೆ ಕೈ ಎತ್ತಿ ನಿಲ್ಲಲು ಹೇಳಿ. ಗೋಡೆ ಮೇಲಿನ ಯೂನಿಟ್ ಬಿಚ್ಚುವಾಗ ಶರ್ಟ್ ಹೊಟ್ಟೆ ಮೇಲಕ್ಕೆ ಸರಿದರೆ ಗ್ರಾಹಕರ ಮನೆಯಲ್ಲಿ ಅವನಿಗೇ ಮುಜುಗರ. ಉದ್ದ ಎರಡು ಇಂಚು ಹೆಚ್ಚಿಸಿ, ಕಂಕುಳಲ್ಲಿ ಸಡಿಲ ಬಿಡಿಸಿ. ಪ್ಯಾಂಟಿಗಂತೂ ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಬೇರೆ ಊರು ಹುಡುಕಬೇಕಿಲ್ಲ. ತೆಳು ಡೆನಿಮ್ ಕೇಳಿ, ಮೊಣಕಾಲಿಗೆ ಎರಡು ಪದರ ಹಾಕಿಸಿ.

ಬಣ್ಣದ ವಿಷಯಕ್ಕೆ ಬಂದರೆ, ಸಂಡೂರು ಕಡೆ ಕೆಲಸ ಇರುವವರು ಬಿಳಿ, ತಿಳಿನೀಲಿಯ ಆಸೆ ಬಿಡುವುದು ಲೇಸು. ಅದಿರಿನ ಕೆಂಪು ಧೂಳಿಗೆ ಒಂದೇ ವಾರ ಸಾಕು. ಬೂದು ಬಣ್ಣ ಬಿಸಿಲನ್ನೂ ಕಪ್ಪಿನಷ್ಟು ಎಳೆಯುವುದಿಲ್ಲ, ಕೊಳೆಯೂ ಅಷ್ಟಾಗಿ ಕಾಣುವುದಿಲ್ಲ.

ಮಳೆಗಾಲದ ರೇನ್‌ಕೋಟ್ ಮೇಲೆ ಹೆಸರನ್ನು ಕಸೂತಿ ಹಾಕಿಸಬೇಡಿ. ಸೂಜಿ ಚುಚ್ಚಿದ ತೂತುಗಳಿಂದಲೇ ನೀರು ಇಳಿಯುತ್ತದೆ, ಪ್ರಿಂಟ್ ಸಾಕು. ಚಳಿಗಾಲಕ್ಕೆ ಬೆಳಿಗ್ಗೆ ಬೈಕಿನಲ್ಲಿ ಹೋಗುವಾಗ ಮೇಲೆ ಹಾಕಿಕೊಳ್ಳಲು ಒಂದು ಜಾಕೆಟ್ ಇದ್ದರಾಯಿತು. ಅದು ಹೆಚ್ಚಾಗಿ ಸಿಂಥೆಟಿಕ್ ಆಗಿರುವುದರಿಂದ ಟಾರ್ಚ್ ಹಚ್ಚುವ ಮುಂಚೆ ತೆಗೆದಿಡಬೇಕು.

ಶರ್ಟಿನ ಮೇಲಾದರೆ ಜೇಬಿನ ಹತ್ತಿರ ಸಣ್ಣ ಕಸೂತಿ ತುಂಬಾ ದಿನ ಬಾಳುತ್ತದೆ. ಬೆನ್ನಿಗೆ ಹೆಸರು, ಫೋನ್ ನಂಬರ್ ಒಂದೇ ಬಣ್ಣದಲ್ಲಿ ಎರಡು ಸಾಲು ಪ್ರಿಂಟ್ ಸಾಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಖರ್ಚೂ ಹಾಗೇ ಏರುತ್ತದೆ. ಬೆನ್ನು ತುಂಬ ದಪ್ಪ ಪ್ರಿಂಟ್ ಹೊಡೆಸಿದರೆ ಅಲ್ಲಿ ಗಾಳಿಯಾಡದೆ ಬೆವರು ಕಟ್ಟುತ್ತದೆ. ಕೊರಳಿಗೆ ನೇತುಹಾಕುವ ಐಡಿ ಕಾರ್ಡ್ ತಿರುಗುವ ಫ್ಯಾನಿಗೆ ಸಿಕ್ಕಿಕೊಳ್ಳಬಹುದು, ಜೇಬಿಗೆ ಸಿಕ್ಕಿಸುವಂಥದ್ದು ಕೊಡಿ.

ಒಬ್ಬೊಬ್ಬರಿಗೆ ಕನಿಷ್ಠ ಮೂರು ಜೊತೆ ಬೇಕು. ಒಂದೇ ಜೊತೆ ಕೊಟ್ಟು 'ದಿನಾ ಯೂನಿಫಾರ್ಮ್‌ನಲ್ಲೇ ಬಾ' ಅಂದರೆ ಮಳೆಗಾಲದಲ್ಲಿ ಅವನು ಹಸಿ ಬಟ್ಟೆಯಲ್ಲೇ ಬರಬೇಕಾಗುತ್ತದೆ. ಅಂಗಡಿಯ ಜಾಹೀರಾತು ಹೊತ್ತು ತಿರುಗುವವನ ಸಂಬಳದಲ್ಲಿ ಅದರ ದುಡ್ಡು ಹಿಡಿಯುವುದಂತೂ ಸರಿಯಲ್ಲ. ಕೆಲಸ ಬಿಟ್ಟು ಹೋಗುವವರಿಂದ ಮಾತ್ರ ಹೆಸರಿರುವ ಶರ್ಟುಗಳನ್ನು ಎಣಿಸಿ ವಾಪಸ್ ಪಡೆಯಬೇಕು. ಆ ಶರ್ಟ್ ಬೇರೆಯವರ ಮೈಮೇಲೆ ಯಾರದೋ ಮನೆ ಬಾಗಿಲಿಗೆ ಹೋದರೆ, ದೂರು ಬರೋದು ಬೆನ್ನ ಮೇಲಿರುವ ನಂಬರಿಗೇ.