ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಪಕ್ಷ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದು ರಾಜಗೋಪಾಲನಗರದ ಕಡೆ ಮನೆ ಮಾಡಿಕೊಂಡ ಹುಬ್ಬಳ್ಳಿ-ಧಾರವಾಡದವರಿಗೆ ‘ಸಂಯುಕ್ತ ಕರ್ನಾಟಕ’ ಎಂದರೆ ಊರಿನ ಪೇಪರು. ಅದನ್ನು ಬೆಳೆಸಿದವರಲ್ಲಿ ಪ್ರಮುಖರಾದ ರಂಗನಾಥ ರಾಮಚಂದ್ರ ದಿವಾಕರರ ಹೆಸರು ಮಾತ್ರ ಈಗ ಅಷ್ಟಾಗಿ ಕೇಳಿಬರುವುದಿಲ್ಲ.

1894ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಿವಾಕರರು ಎಂ.ಎ., ಎಲ್‌ಎಲ್.ಬಿ. ಓದಿ ಪಾಠ ಹೇಳುತ್ತಿದ್ದವರು. 1921ರಲ್ಲಿ ‘ಕರ್ಮವೀರ’ ವಾರಪತ್ರಿಕೆ ಆರಂಭಿಸಿದರು. ಅದೇ ವರ್ಷ ಜುಲೈ 1ರಂದು ಧಾರವಾಡದ ಜಕಣಿಬಾವಿ ಬಳಿ ಸಾರಾಯಿ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಕಾರ್ಯಕರ್ತರು ಸತ್ತರು. ಊರು ಕುದಿಯುತ್ತಿದ್ದ ಆ ದಿನಗಳಲ್ಲಿ ಖಾರವಾಗಿ ಬರೆದ ದಿವಾಕರರು ರಾಜದ್ರೋಹದ ಆರೋಪ ಹೊತ್ತು ಜೈಲು ಸೇರಿದರು.

ಆಗ ಪತ್ರಿಕೆ ಬೇರೆ, ಪಕ್ಷ ಬೇರೆ ಎಂಬ ಗೆರೆಯೇ ಇರಲಿಲ್ಲ. ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರೂ ಕಾಂಗ್ರೆಸ್ 1920ರಲ್ಲೇ ಭಾಷೆಯ ಆಧಾರದ ಮೇಲೆ ಕರ್ನಾಟಕ ಪ್ರಾಂತ ಸಮಿತಿಯನ್ನು ಒಪ್ಪಿಕೊಂಡಿತ್ತು. ಏಕೀಕೃತ ರಾಜ್ಯ ಬಂದದ್ದು 1956ರಲ್ಲಿ. ಅದಕ್ಕೆ 36 ವರ್ಷ ಮೊದಲೇ ಪಕ್ಷದ ಲೆಕ್ಕದಲ್ಲಿ ಕರ್ನಾಟಕವಿತ್ತು! 1930ರಿಂದ 1942ರವರೆಗೆ ಆ ಸಮಿತಿಗೆ ದಿವಾಕರರೇ ಅಧ್ಯಕ್ಷರು. ಈ ನಡುವೆ, 1933ರಲ್ಲಿ, ಗೆಳೆಯರೊಡನೆ ಲೋಕಶಿಕ್ಷಣ ಟ್ರಸ್ಟ್ ಕಟ್ಟಿದರು. ಬೆಳಗಾವಿಯಲ್ಲಿ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಅದರ ಆಸರೆಯಲ್ಲಿ ಬೆಳೆದು ಹುಬ್ಬಳ್ಳಿಯಲ್ಲಿ ನೆಲೆನಿಂತಿತು. ಮೊಹರೆ ಹನುಮಂತರಾಯರ ಸಂಪಾದಕತ್ವ ಅದಕ್ಕೆ ಗತ್ತು ತಂದಿತು. ಪತ್ರಿಕೆಯ ಹೆಸರೇ ಏಕೀಕರಣದ ಬೇಡಿಕೆ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭೂಗತರಾದ ದಿವಾಕರರು, 1944ರಲ್ಲಿ ಗಾಂಧೀಜಿಯ ಮಾತಿಗೆ ಓಗೊಟ್ಟು ಸರ್ಕಾರಕ್ಕೆ ಶರಣಾದರು.

ನಿಜವಾದ ಇಕ್ಕಟ್ಟು ಬಂದದ್ದು ಅಧಿಕಾರ ಸಿಕ್ಕ ಮೇಲೆ. 1948ರಲ್ಲಿ ಅವರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದರು. 1950ರಲ್ಲಿ ‘ಕ್ರಾಸ್ ರೋಡ್ಸ್’ ಮತ್ತು ‘ಆರ್ಗನೈಸರ್’ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಗಳ ಪರ ನಿಂತಿತು. ನೆಹರೂ ಸರ್ಕಾರ ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿತು. ಹಿಂದೆಯೇ ಆಕ್ಷೇಪಾರ್ಹ ಬರಹಗಳ ವಿರುದ್ಧ ಪತ್ರಿಕಾ ಕಾಯ್ದೆಯೂ ಬಂತು. ಕಾಯ್ದೆ ಮಂಡಿಸಿದವರು ಗೃಹ ಸಚಿವ ರಾಜಾಜಿ, ನಿಜ. ಆದರೂ ಬರೆದದ್ದಕ್ಕಾಗಿ ಜೈಲು ಕಂಡ ಸಂಪಾದಕರೊಬ್ಬರು ಅದೇ ಸರ್ಕಾರದಲ್ಲಿ ವಾರ್ತಾ ಖಾತೆ ನೋಡಿಕೊಳ್ಳುತ್ತಿದ್ದರು ಎಂಬುದನ್ನು ಅವರ ಅಭಿಮಾನಿಗಳು ಜಾರಿಸಿ ಬಿಡುವಂತಿಲ್ಲ.

1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರಾಗಿದ್ದರು. ಆಮೇಲೆ ಗಾಂಧಿ ಶಾಂತಿ ಪ್ರತಿಷ್ಠಾನ, ಬರವಣಿಗೆ. ವಚನಗಳ ಬಗ್ಗೆ ಅವರು ಬರೆದ ‘ವಚನಶಾಸ್ತ್ರ ರಹಸ್ಯ’ವನ್ನು ರಾಜಕಾರಣಿಯ ಬಿಡುವಿನ ಬರಹ ಎಂದು ತಳ್ಳಿಹಾಕಲಾಗದು.

ಇಂದಿನ ಅಳತೆಗೋಲಿನಲ್ಲಿ ದಿವಾಕರರು ನಿಷ್ಪಕ್ಷಪಾತ ಪತ್ರಕರ್ತರಲ್ಲ. ಆದರೆ ಅವರ ಪಕ್ಷ ಯಾವುದೆಂದು ಓದುಗರು ಊಹಿಸಬೇಕಾಗಿರಲಿಲ್ಲ. 1990ರ ಜನವರಿಯಲ್ಲಿ, 95ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.